ಅಕ್ಕನಿಗೆ ದಾವಣಗೆರೆಯಲ್ಲಿ ಮನೆ: ಭೋಗ್ಯಕ್ಕೋ, ಬಾಡಿಗೆಗೋ?

ಹರಿಹರದ ತಮ್ಮ:
ಅಕ್ಕನಿಗೆ 52. ಭಾವ ತೀರಿಕೊಂಡು ಐದು ತಿಂಗಳಾಯಿತು. ಖಾಸಗಿ ಕಾರ್ಖಾನೆಯಲ್ಲಿದ್ದರು, ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದರು. ಮಕ್ಕಳಿಲ್ಲ. ಅತ್ತೆ ಹೊಳಲ್ಕೆರೆಯಲ್ಲಿ ಅಕ್ಕನ ಮೈದುನನ ಹತ್ತಿರ ಇದ್ದಾರೆ. ಅಕ್ಕ ದಾವಣಗೆರೆಯಲ್ಲಿ ಒಬ್ಬಳೇ ಇರುತ್ತೇನೆಂದು ಗಟ್ಟಿಯಾಗಿ ಹೇಳಿದ್ದಾಳೆ, ಅದು ಸರಿಯೋ ತಪ್ಪೋ ಅನ್ನೋ ಚರ್ಚೆ ಬೇಡ. ಭಾವನ ಹೆಸರಲ್ಲಿ 6 ಲಕ್ಷ ಎಫ್‌ಡಿ ಇದೆ, ನಾಮಿನಿ ಅಕ್ಕ. ವಿದ್ಯಾನಗರದ ಕಡೆ ಮಹಡಿ ಮನೆಯೊಂದು 6 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ (ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದಾಗ ದುಡ್ಡು ವಾಪಸ್) ಸಿಗುತ್ತಿದೆ. ಬ್ರೋಕರ್ "ಬಾಡಿಗೆ ಪೂರ್ತಿ ಉಳೀತು" ಅಂತಾನೆ. ಕೊಡಬಹುದಾ? ಗ್ಯಾಸು, ಕರೆಂಟು, ರೇಷನ್ ಕಾರ್ಡು ಯಾವುದನ್ನ ಮೊದಲು ಮಾಡಿಸಬೇಕು?

ಮುದ್ರಾಂಕ:
ಈಗಲೇ ಕೊಡಬೇಡಿ. ಮೊದಲ ಕಾರಣ, ಆ 6 ಲಕ್ಷ ಪೂರ್ತಿ ಅಕ್ಕನದಲ್ಲ. ನಾಮಿನಿಗೆ ಬ್ಯಾಂಕು ದುಡ್ಡು ಕೊಡುತ್ತದೆ ನಿಜ, ಆದರೆ ನಾಮಿನಿ ವಾರಸುದಾರರ ಪರವಾಗಿ ಅದನ್ನು ತೆಗೆದುಕೊಂಡ ಹಾಗೆ, ಅಷ್ಟೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಉಯಿಲು ಇಲ್ಲದಿದ್ದರೆ ಮತ್ತು ಮಕ್ಕಳಿಲ್ಲದಿದ್ದರೆ, ಹೆಂಡತಿಗೂ ತಾಯಿಗೂ ಸಮಪಾಲು. ನಾಳೆ ಅತ್ತೆ ಕಡೆಯವರು 3 ಲಕ್ಷ ಕೇಳಿದರೆ ದುಡ್ಡು ಮನೆ ಓನರ್ ಕೈಯಲ್ಲಿ ಮೂರು ವರ್ಷ ಕೂತಿರುತ್ತದೆ. ಅತ್ತೆ ತನ್ನ ಪಾಲು ಬೇಡ ಅಂದರೆ ಆ ಮಾತನ್ನು ಬರವಣಿಗೆಯಲ್ಲಿ ತಗೊಳ್ಳಿ. ಹಾಗೇ ಹೊಳಲ್ಕೆರೆಯಲ್ಲಿ ಭಾವನ ಹೆಸರಿಗೆ ಜಮೀನಿದ್ದರೆ ಪೌತಿ ಖಾತೆಯಲ್ಲಿ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಅಕ್ಕನ ಹೆಸರೂ ಬರಬೇಕು. "ಸುಮ್ನೆ ಒಂದು ಸಹಿ ಹಾಕಮ್ಮ" ಅಂತ ತರುವ ಕಾಗದ ಹಕ್ಕು ಬಿಡುಗಡೆ ಪತ್ರ ಆಗಿರಬಹುದು. ಓದದೆ ಸಹಿ ಬೇಡ.

ಎರಡನೆಯದು ಭೋಗ್ಯದ ಲೆಕ್ಕ. ಇದೇ 6 ಲಕ್ಷ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿಟ್ಟರೆ 7.4 ಬಡ್ಡಿಯಲ್ಲಿ ತಿಂಗಳಿಗೆ 3,700 ಬರುತ್ತದೆ. ಅಂದರೆ ಭೋಗ್ಯದಲ್ಲಿ ಉಳಿಯುವುದು ಪೂರ್ತಿ ಬಾಡಿಗೆಯಲ್ಲ, ಬಾಡಿಗೆಯಲ್ಲಿ 3,700 ಕಳೆದು ಮಿಕ್ಕಿದ್ದು ಮಾತ್ರ. ಅಷ್ಟಕ್ಕೆ ಅಸಲನ್ನೇ ಪಣಕ್ಕಿಡುವುದೇ? ಅಂಚೆ ಕಚೇರಿಯಲ್ಲೂ ಮೊದಲ ವರ್ಷ ಹಣ ತೆಗೆಯಲಾಗದು, ಮೂರು ವರ್ಷದೊಳಗೆ ತೆಗೆದರೆ ಅಸಲಿನಲ್ಲಿ ಶೇ 2 ಹಿಡಿಯುತ್ತಾರೆ. ಆದ್ದರಿಂದ ಪಾಲಿನ ಮಾತು ಮುಗಿಯುವವರೆಗೆ ಅಕ್ಕನ ಹೆಸರಲ್ಲಿ ಸಣ್ಣ ಅವಧಿಯ ಎಫ್‌ಡಿ ಸಾಕು. ಭಾವನ ಎಟಿಎಂ ಕಾರ್ಡಿನಲ್ಲಿ ದುಡ್ಡು ತೆಗೆಯುತ್ತಿದ್ದರೆ ಇವತ್ತೇ ನಿಲ್ಲಿಸಿ, ಮುಂದೆ ತಕರಾರು ಬಂದರೆ ಅದೇ ಎದುರು ಸಾಕ್ಷಿ.

ಮನೆಗಿಂತ ಮೊದಲು ಪಿಎಫ್ ನೋಡಿ. ಮರಣ ಪ್ರಕರಣಕ್ಕೆಂದೇ ಕಾಂಪೋಸಿಟ್ ಅರ್ಜಿ ಇದೆ. ಪಿಎಫ್ ಹಣ, ವಿಧವಾ ಪಿಂಚಣಿ, ಇಡಿಎಲ್‌ಐ (ಪಿಎಫ್ ಜೊತೆಗಿನ ಜೀವವಿಮೆ) ಮೂರೂ ಅದರಲ್ಲೇ. ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರೆ ವಿಮೆ ಗರಿಷ್ಠ 7 ಲಕ್ಷದವರೆಗೆ ಬರುತ್ತದೆ. ಬಹಳ ಜನ ಪಿಎಫ್ ತಗೊಂಡು ಇದನ್ನು ಕೇಳುವುದೇ ಇಲ್ಲ. ಭಾವನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೇ, ಜೂನ್ ಹೊತ್ತಿಗೆ 436 ಅಥವಾ 20 ರೂಪಾಯಿ ಕಟ್ ಆಗಿದೆಯಾ ನೋಡಿ. 436 ಇದ್ದರೆ ಜೀವನ್ ಜ್ಯೋತಿ ಬಿಮಾ, 2 ಲಕ್ಷ. 20 ಅಪಘಾತಕ್ಕೆ ಮಾತ್ರ. ತಡ ಆಗಿದೆ, ಆದರೂ ಅರ್ಜಿ ಕೊಡಿ.

ಇದೆಲ್ಲ ನಿಲ್ಲುವುದು ಹೆಸರಿನ ಗೊಂದಲದಿಂದ. ಮರಣ ಪತ್ರದಲ್ಲಿ ಬಸವರಾಜಪ್ಪ, ಪಿಎಫ್‌ನಲ್ಲಿ ಬಸವರಾಜ್, ಆಧಾರ್‌ನಲ್ಲಿ ಮುಂದೆ ಇನಿಷಿಯಲ್ ಬೇರೆ! ನಮ್ಮ ಕಡೆ ಮಾಮೂಲು. ಅರ್ಜಿ ಹಾಕುವ ಮೊದಲೇ ಎಲ್ಲ ಕಾಗದ ಪಕ್ಕಪಕ್ಕ ಇಟ್ಟು ಹೋಲಿಸಿ. ಮರಣ ಪತ್ರ ಸಾವು ಸಂಭವಿಸಿದ ಊರಲ್ಲೇ ಸಿಗುತ್ತದೆ, ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡವರಿಗೆ ದಾವಣಗೆರೆ ಪಾಲಿಕೆ ಕೊಡುವುದಿಲ್ಲ.

ಹರಿಹರದ ತಮ್ಮ:
ಓನರ್ ಇಸಿ (ಋಣಭಾರ ಪತ್ರ) ತೋರಿಸಿದ್ದಾರೆ, ಸಾಲ ಏನೂ ಇಲ್ಲ. ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸೋಣ ಅಂತಾರೆ.

ಮುದ್ರಾಂಕ:
ಮನೆಯ ಅಸಲು ಕ್ರಯಪತ್ರ ತೋರಿಸಿ ಅನ್ನಿ. ಜೆರಾಕ್ಸೇ ತೋರಿಸಿದರೆ ಅಸಲು ಎಲ್ಲೋ ಅಡವಿದೆ ಅಂತಲೇ ತಿಳಿಯಿರಿ. ಸೊಸೈಟಿ, ಫೈನಾನ್ಸ್‌ನವರಿಗೆ ಪತ್ರ ಕೊಟ್ಟು ತಂದ ಸಾಲ ಇಸಿಯಲ್ಲಿ ಕಾಣದೆಯೂ ಇರಬಹುದು. ಭೋಗ್ಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ನೋಟರಿ ಮೊಹರು ಅದಕ್ಕೆ ಬದಲಿಯಲ್ಲ. ಬ್ಯಾಂಕು ಮನೆ ಹರಾಜಿಗೆ ಹಾಕಿದರೆ ನೋಂದಣಿಯಿಲ್ಲದ ಭೋಗ್ಯದವರ ಮಾತು ನಡೆಯುವುದು ಕಷ್ಟ. ನೋಂದಣಿಗೆ ಒಪ್ಪದ ಓನರ್ ಆದರೆ ಮಾತು ಅಲ್ಲಿಗೇ ಮುಗಿಯಿತು. 11 ತಿಂಗಳ ಬಾಡಿಗೆ ಕರಾರಿಗೆ ಈ ರಗಳೆ ಇಲ್ಲ.

ಸಂಪಿನ ಮುಚ್ಚಳ:
ಮನೆ ಬಗ್ಗೆ ನಾನು ಹೇಳ್ತೀನಿ. ಮಹಡಿ ಮನೆ ಬೇಡ ರೀ. ಏಪ್ರಿಲಲ್ಲಿ ಮೇಲಿನ ಆರ್‌ಸಿಸಿ ಕಾದು ರಾತ್ರಿ ಹನ್ನೊಂದಾದರೂ ಫ್ಯಾನು ಬಿಸಿಗಾಳಿನೇ ಬಿಡ್ತದೆ. ಅದಕ್ಕಿಂತ ಮುಖ್ಯ ನೀರು. ನಲ್ಲಿ ನೀರು ದಿನಾ ಬರಲ್ಲ, ಬೇಸಿಗೆಯಲ್ಲಿ ಅಂತರ ಇನ್ನೂ ಜಾಸ್ತಿ. ಓನರ್‌ನ ಕೇಳಬೇಕಾದ್ದು "ನೀರು ಬರ್ತದಾ" ಅಂತಲ್ಲ. ಪಾಲಿಕೆ ನೀರು ನೇರ ಸಂಪಿಗೆ ಬೀಳ್ತದಾ, ಬೋರಿನ ನೀರೂ ಅದೇ ಸಂಪಿಗೆ ಬೆರೀತದಾ, ಮೋಟರ್ ಸ್ವಿಚ್ ಯಾರ ಮನೆಯೊಳಗಿದೆ? ಸ್ವಿಚ್ ಓನರ್ ಮನೆಯೊಳಗಿದ್ದು ಅವರು ಊರಿಗೆ ಹೋದರೆ ನಿಮ್ಮಕ್ಕನ ನಲ್ಲಿ ಒಣಗ್ತದೆ. ಬಚ್ಚಲ ನಲ್ಲಿ ಬುಡದಲ್ಲಿ ಬಿಳೀ ಹರಳು ಕಟ್ಟಿದ್ದರೆ ಬೋರಿನ ಗಡುಸು ನೀರು. ಗೀಜರ್ ಕಾಯಿಲ್ ಬೇಗ ಹೋಗ್ತದೆ, ಬೇಳೆ ಬೇಯಲ್ಲ.

ಕುಡಿಯೋ ನೀರು ಶುದ್ಧ ನೀರಿನ ಘಟಕದಿಂದ ತರೋದಾದ್ರೆ 20 ಲೀಟರ್ ಕ್ಯಾನ್ ಬೇಡ, ತುಂಬಿದಾಗ 20 ಕೆಜಿ ಮೇಲೆ. 10 ಲೀಟರಿನ ಎರಡು ತಗೊಳ್ಳಿ. ಓನರ್ ಪಕ್ಕದಲ್ಲೋ ಮೇಲೋ ಇರೋ ನೆಲಮಾಳಿಗೆಯಲ್ಲದ ಕೆಳಗಿನ ಮನೆ, ಬಾಗಿಲು ಮಾತ್ರ ಬೇರೆ, ಒಳಗೆ ಕಬ್ಬಿಣದ ಅಡ್ಡಪಟ್ಟಿ: ಒಬ್ಬರೇ ಇರೋರಿಗೆ ಇದು ಸರಿ. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಓದೋ ಹುಡುಗರ ಪೈಪೋಟಿ ಇರ್ತದೆ. ಕಾಲೇಜು ಶುರುವಾಗೋ ಹೊತ್ತು ಬಿಟ್ಟು ಹುಡುಕಿ, ಚೌಕಾಸಿಗೆ ಜಾಗ ಸಿಗ್ತದೆ.

ಆರ್‌ಆರ್ ನಂಬರ್:
ಕರೆಂಟು: ಆ ಮನೆಗೆ ಬೇರೆ ಬೆಸ್ಕಾಂ ಮೀಟರ್ ಇದೆಯಾ ನೋಡಿ. ಸಬ್ ಮೀಟರ್ ಇದ್ದರೆ ಗೃಹಜ್ಯೋತಿ ಅಕ್ಕನ ಹೆಸರಿಗೆ ಆಗುವುದಿಲ್ಲ. ಹಳೆ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನ ಸಂಪರ್ಕ ಸಂಖ್ಯೆ) ಅಕ್ಕನ ಆಧಾರ್ ಜೋಡಿಸಿದ್ದರೆ ಸೇವಾ ಸಿಂಧುವಿನಲ್ಲಿ ಅದನ್ನು ಮೊದಲು ಬಿಡಿಸಿ. ಹೊಸ ಮನೆಯ ಹಿಂದಿನ ಬಾಡಿಗೆದಾರರೂ ಬಿಡಿಸಿರಬೇಕು, ಕೀ ತಗೊಳ್ಳುವ ಮೊದಲೇ ಇದನ್ನು ಹೇಳಿ ಮಾಡಿಸಿಕೊಳ್ಳಿ. 200 ಯೂನಿಟ್ ಪೂರ್ತಿ ಉಚಿತ ಅಲ್ಲ, ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ನಿಗದಿಯಾಗಿರುತ್ತದೆ.

ಗ್ಯಾಸು: ಭಾವನ ಹೆಸರಲ್ಲಿದ್ದರೆ ಮರಣ ಪತ್ರ, ಅಕ್ಕನ ಆಧಾರ್, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೊಟ್ಟು ಹೆಸರು ಬದಲಿಸಿ, ಆಮೇಲೆ ಊರು ಬದಲಿಸಿ. ಬೇರೆ ಊರಿಗಾದರೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ವೋಚರ್ ತಗೊಳ್ಳಬೇಕು.

ರೇಷನ್: ಅಕ್ಕನ ಹೆಸರು ಅತ್ತೆಯ ಕಾರ್ಡಿನಲ್ಲಿದ್ದರೆ ಅದನ್ನು ತೆಗೆಸಲು ಓಡಬೇಡಿ. ಹೊಸ ಕಾರ್ಡಿಗೆ ಅರ್ಜಿ ಯಾವಾಗಲೂ ತೆರೆದಿರುವುದಿಲ್ಲ. ತೆಗೆಸಿ ಕೂತರೆ ಅಕ್ಕಿಯೂ ಇಲ್ಲ, ಗೃಹಲಕ್ಷ್ಮಿಗೆ ಬೇಕಾದ ಸ್ವಂತ ಕಾರ್ಡೂ ಇಲ್ಲ. ಅರ್ಜಿ ತೆರೆದ ವಾರವೇ ಎರಡೂ ಮಾಡಿಸಿ. ಭಾವನ ಬೈಕ್ ಇದ್ದರೆ ಫಾರಂ 31ರಲ್ಲಿ ಮೂರು ತಿಂಗಳೊಳಗೆ ಆರ್‌ಸಿ ಬದಲಾವಣೆಗೆ ಅರ್ಜಿ ಹಾಕಬೇಕಿತ್ತು. ಐದು ತಿಂಗಳಾಗಿದೆ, ಅದು ಆಗುವವರೆಗೆ ಗಾಡಿ ಯಾರಿಗೂ ಓಡಿಸಲು ಕೊಡಬೇಡಿ.