ಪಾರ್ಕ್ ಮಾಡಿದ ಕಾರ್ ಹುಡುಕೋಕೆ ಆಪ್ ಮಾಡ್ತಿದೀನಿ, ಬೇಸ್‌ಮೆಂಟ್‌ಗೆ ಏನ್ ಮಾಡೋದು?

ಕತ್ರಿಗುಪ್ಪೆ_ಕೋಡರ್

ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸ ಮುಗಿಸ್ಕೊಂಡು ರಾತ್ರಿ ಹೊತ್ತು ಒಂದು ಆಂಡ್ರಾಯ್ಡ್ ಆಪ್ ಮಾಡ್ತಾ ಇದೀನಿ, ಕಾರ್ ಎಲ್ಲಿ ನಿಲ್ಸಿದ್ವಿ ಅಂತ ನೆನಪಿಟ್ಕೊಂಡು ವಾಪಸ್ ಅಲ್ಲಿಗೇ ಕರ್ಕೊಂಡ್ ಹೋಗೋ ಆಪ್.

ಯಾಕೆ ಶುರು ಮಾಡ್ದೆ ಅಂತ ಹೇಳ್ಬಿಡ್ತೀನಿ. ಹೋದ ಸಲ ಕಡಲೆಕಾಯಿ ಪರಿಷೆಗೆ ಅಪ್ಪ ಅಮ್ಮನ್ನ ಕರ್ಕೊಂಡ್ ಹೋಗಿದ್ದೆ, ಕಾರ್ತಿಕದ ಕಡೇ ಸೋಮವಾರ, ಜನ ಅಂದ್ರೆ ಜನ. ಬುಲ್ ಟೆಂಪಲ್ ರೋಡ್ ಕಡೆ ಗಾಡಿ ಬಿಡಲ್ವಲ್ಲ, ಹನುಮಂತನಗರದೊಳಗೆ ಯಾವ್ದೋ ಕ್ರಾಸಲ್ಲಿ ಜಾಗ ಸಿಕ್ತು, ನಿಲ್ಲಿಸ್ದೆ. ಅಪ್ಪ ಗುರುತಿಗೆ ಅಂತ ಮೂಲೇಲಿದ್ದ ಸೀಬೆಹಣ್ಣಿನ ತಳ್ಳುಗಾಡಿ ನೋಡಿಟ್ಕೊಂಡಿದ್ರು. ಎರಡು ಗಂಟೆ ಬಿಟ್ಟು ಕಡಲೆಕಾಯಿ ಚೀಲ ಹಿಡ್ಕೊಂಡ್ ಬಂದ್ರೆ ತಳ್ಳುಗಾಡಿ ಇಲ್ಲ, ಅವನು ಜನ ಇರೋ ಕಡೆಗೆ ತಳ್ಕೊಂಡ್ ಹೋಗಿದಾನೆ. ಕತ್ತಲಲ್ಲಿ ಎಲ್ಲಾ ಕ್ರಾಸೂ ಒಂದೇ ಥರ ಕಾಣತ್ತೆ, ಅದೇ ಕಾಂಪೌಂಡು, ಅದೇ ಹೊಂಗೆ ಮರ. ಅಪ್ಪಂಗೆ ಮಂಡಿ ನೋವು, ಮುಕ್ಕಾಲು ಗಂಟೆ ನಡೆದ್ರು, ಒಂದು ಮಾತೂ ಆಡ್ಲಿಲ್ಲ. ಬೈದಿದ್ರೆ ಪರ್ವಾಗಿರ್ಲಿಲ್ಲ ಅನ್ಸತ್ತೆ.

ಗೂಗಲ್ ಮ್ಯಾಪ್ಸಲ್ಲಿ 2017ರಿಂದಾನೇ ಪಾರ್ಕಿಂಗ್ ಸೇವ್ ಮಾಡೋದು ಇದೆ, ಐಫೋನಲ್ಲಿ ಅದಕ್ಕೂ ಒಂದು ವರ್ಷ ಮುಂಚೆ ಐಓಎಸ್ 10ರಲ್ಲೇ ಬಂತು, ಕಾರಿನ ಬ್ಲೂಟೂತ್ ಕಟ್ ಆದ್ರೆ ತಾನೇ ಗುರುತು ಹಾಕ್ಕೊಳತ್ತೆ, ಅದೆಲ್ಲ ಗೊತ್ತು. ಬಯಲಲ್ಲಿ ಅದು ಸಾಕು. ನನ್ನ ತಲೆನೋವು ಮಾಲ್, ಆಸ್ಪತ್ರೆ, ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗಳದ್ದು. ಮೂರು ಮಹಡಿ ಕೆಳಗೆ ಹೋದ್ಮೇಲೆ ಮ್ಯಾಪಲ್ಲಿ ಚುಕ್ಕಿ ಕಟ್ಟಡದ ಮೇಲೇ ಇರತ್ತೆ, ಅದನ್ನಿಟ್ಕೊಂಡು ಏನ್ ಮಾಡೋದು? ಹೆಜ್ಜೆ ಎಣಿಸಿ ಕಂಪಾಸ್ ಸೇರಿಸಿ ದಾರಿ ತೋರ್ಸೋಣ ಅಂತ ಎರಡು ವಾರದಿಂದ ಒದ್ದಾಡ್ತಿದೀನಿ, ಬಾಣ ಸರಿಯಾಗಿ ಗೋಡೆ ಕಡೆಗೇ ತಿರುಗತ್ತೆ. ಇದನ್ನ ಮುಂದುವರ್ಸೋದಾ, ಬಿಡೋದಾ? ಅನುಭವ ಇರೋರು ದಯವಿಟ್ಟು ಹೇಳಿ.

ಸಂಪಿಗೆ_ರೋಡ್

ಬಿಟ್ಬಿಡಿ ಗುರು, ಆ ಬಾಣ ಬಿಟ್ಬಿಡಿ. ನಾನು ಲೊಕೇಶನ್ ಮೇಲೇ ಕೆಲಸ ಮಾಡೋನು, ಅದಕ್ಕೆ ಇಷ್ಟು ಗಟ್ಟಿಯಾಗಿ ಹೇಳ್ತಿರೋದು. ಬೇಸ್‌ಮೆಂಟಲ್ಲಿ ತಾರಸಿ, ಪಿಲ್ಲರ್ ಎಲ್ಲದ್ರಲ್ಲೂ ಕಬ್ಬಿಣ, ಸುತ್ತ ಇನ್ನೂರು ಕಾರು ಅಂದ್ರೆ ಇನ್ನಷ್ಟು ಕಬ್ಬಿಣ, ಕಂಪಾಸ್ ಪಿಲ್ಲರಿಂದ ಪಿಲ್ಲರಿಗೆ ಬೇರೆ ದಿಕ್ಕು ಹೇಳತ್ತೆ. ಜಿಪಿಎಸ್ ಉಪಗ್ರಹ ಇರೋದು 20,200 ಕಿಲೋಮೀಟರ್ ಮೇಲೆ, ಅಲ್ಲಿಂದ ನಮ್ಮ ಫೋನಿಗೆ ಬರೋಷ್ಟರಲ್ಲಿ ಸಿಗ್ನಲ್ ಅನ್ನೋದು ಉಸಿರಷ್ಟೇ ಉಳಿದಿರತ್ತೆ, ಒಂದು ಕಾಂಕ್ರೀಟ್ ತಾರಸಿ ದಾಟೋ ಶಕ್ತಿ ಅದಕ್ಕಿಲ್ಲ.

ನಾನಾಗಿದ್ರೆ ಏನ್ ಮಾಡ್ತಿದ್ದೆ ಅಂದ್ರೆ, ಕೆಳಗೆ ಇಳಿದ್ಮೇಲಿನ ಲೊಕೇಶನ್ ನಂಬೋದೇ ಇಲ್ಲ, ರ‍್ಯಾಂಪ್ ಬಾಯಲ್ಲಿ ಸಿಕ್ಕ ಕಡೇ ಒಳ್ಳೇ ಲೊಕೇಶನ್ ಹಿಡಿದಿಟ್ಕೋತೀನಿ. ಅಂದ್ರೆ ಕಡೇ ಐದಾರು ನಿಮಿಷದ್ದು ಫೋನಲ್ಲೇ ಉಳಿಸ್ಕೊಂಡಿದ್ದು, ಗಾಡಿ ಆಫ್ ಆದಾಗ ಹಿಂದಕ್ಕೆ ಹೋಗಿ ಹುಡುಕೋದು. ಆಮೇಲೆ ಇನ್ನೊಂದು, ಆಂಡ್ರಾಯ್ಡ್ ಕೊಡೋ ಅಕ್ಯುರೆಸಿ ನಂಬರ್ 68 ಪರ್ಸೆಂಟ್ ನಂಬಿಕೆದು. 10 ಮೀಟರ್ ಅಂತ ಹೇಳಿದ್ರೆ ಸುಮಾರು ಮೂರರಲ್ಲಿ ಒಂದ್ ಸಲ ಕಾರು ಆ ವೃತ್ತದ ಆಚೆ ಇರತ್ತೆ ಅಂತ ಅರ್ಥ. ನಮ್ಮ ಮಲ್ಲೇಶ್ವರದಲ್ಲಿ ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿದಾವಲ್ಲ, ಅಲ್ಲಿ 10 ಮೀಟರ್ ತಪ್ಪಿದ್ರೆ ಪಿನ್ ಹೋಗಿ ಹಿಂದಿನ ರೋಡಲ್ಲಿ ಕೂರತ್ತೆ. ಹಂಗಾಗಿ ಪಿನ್ ಹಾಕ್ಬೇಡಿ, ವೃತ್ತ ತೋರ್ಸಿ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ತೋರ್ಸೋ ಆಪ್‌ನ ಜನ ಒಂದೇ ಸಲ ನಂಬೋದು.

ಎಷ್ಟು ಮಹಡಿ ಕೆಳಗೆ ಅನ್ನೋದಕ್ಕೆ ಬ್ಯಾರೋಮೀಟರ್, ಅಂದ್ರೆ ಫೋನೊಳಗೆ ಗಾಳಿಯ ಒತ್ತಡ ಅಳೆಯೋ ಸೆನ್ಸರ್, ಚೆನ್ನಾಗಿ ಕೆಲಸ ಮಾಡತ್ತೆ, ಇದನ್ನ ಮಾತ್ರ ಬಿಡ್ಬೇಡಿ. ಪುಸ್ತಕದಲ್ಲಿ ಮೀಟರ್‌ಗೆ 0.12 ಹೆಕ್ಟೋಪ್ಯಾಸ್ಕಲ್ ಒತ್ತಡ ಬದಲಾಗತ್ತೆ ಅಂತಿರತ್ತೆ, ಅದು ಸಮುದ್ರಮಟ್ಟದ ಲೆಕ್ಕ, ನಮ್ಮ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಇಲ್ಲಿ 0.10 ಹತ್ತಿರ ಇಟ್ಕೊಳಿ. ಒಂದು ಮಹಡಿಗೆ ಮೂರು ಮೀಟರ್ ಅಂದ್ರೆ 0.3 ಚಿಲ್ಲರೆ, ಸೆನ್ಸರ್ ಆರಾಮಾಗಿ ಹಿಡಿಯತ್ತೆ. ಆದ್ರೆ ಬೆಳಿಗ್ಗೆದಕ್ಕೂ ಸಾಯಂಕಾಲದ್ದಕ್ಕೂ ಹೋಲಿಸ್ಬೇಡಿ, ಹವಾಮಾನದಿಂದಾನೇ ಅದಕ್ಕಿಂತ ಜಾಸ್ತಿ ಬದಲಾಗತ್ತೆ. ರ‍್ಯಾಂಪ್ ಬಾಯಿಂದ ಗಾಡಿ ನಿಲ್ಸೋವರೆಗಿನ ಆ ಎರಡು ಮೂರು ನಿಮಿಷದ ವ್ಯತ್ಯಾಸ ಅಷ್ಟೇ ತಗೊಳಿ. ಕಮ್ಮಿ ರೇಟಿನ ಎಷ್ಟೋ ಫೋನಲ್ಲಿ ಈ ಸೆನ್ಸರೇ ಇರಲ್ಲ, ಅವರಿಗೆ ಬಿ1, ಬಿ2, ಬಿ3 ಅಂತ ದೊಡ್ಡ ಬಟನ್ ಕೊಡಿ, ಮುಗೀತು.

ಕತ್ರಿಗುಪ್ಪೆ_ಕೋಡರ್

ಥ್ಯಾಂಕ್ಸ್ ಸರ್, 68 ಪರ್ಸೆಂಟ್ ವಿಷಯ ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಗಾಡಿ ನಿಂತಿದ್ದು ಹೆಂಗೆ ಕಂಡುಹಿಡೀತಿದೀನಿ ಅಂದ್ರೆ ಬ್ಲೂಟೂತ್ ಇದ್ರೆ ಅದು ಕಟ್ ಆದಾಗ, ಇಲ್ದೇ ಇದ್ರೆ ಫೋನಿನ ಆಕ್ಟಿವಿಟಿ ರೆಕಗ್ನಿಷನ್, ವಾಹನದಲ್ಲಿದ್ದವರು ನಡೆಯೋಕೆ ಶುರು ಮಾಡಿದ್ರೆ ಪಾರ್ಕ್ ಆಯ್ತು ಅಂತ. ಎರಡನೇದ್ರಲ್ಲಿ ತೊಂದ್ರೆ ಏನಂದ್ರೆ ಅದಕ್ಕೆ ಕಾರು, ಆಟೋ, ಬಿಎಂಟಿಸಿ ಬಸ್ಸು ಬೇರೆ ಬೇರೆ ಅಂತ ಗೊತ್ತಾಗಲ್ಲ. ನಾನು ಬನಶಂಕರೀಲಿ ಬಸ್ ಇಳಿದ್ರೆ ಕಾರ್ ಪಾರ್ಕ್ ಆಗಿದೆ ಅಂತ ಗುರುತು ಹಾಕ್ಕೊಂಡು ಕೂತಿರತ್ತೆ, ಹಿಂದಿನ ದಿನದ ನಿಜವಾದ ಗುರುತು ಅಳಿಸಿ.

ಆಕ್ಟಿಂಗ್_ಡ್ರೈವರ್_ನಾಗರಭಾವಿ

ಸರ್ ನಾನು ಹನ್ನೊಂದು ವರ್ಷದಿಂದ ಆಕ್ಟಿಂಗ್ ಡ್ರೈವರ್, ಅಂದ್ರೆ ಓನರ್ ಕರೆದಾಗ ಹೋಗಿ ಅವರ ಕಾರ್ ಓಡ್ಸೋನು. ಸೆನ್ಸರ್ ವಿಷಯ ನಂಗೆ ಗೊತ್ತಿಲ್ಲ, ಪಾರ್ಕಿಂಗ್ ವಿಷಯ ಗೊತ್ತು, ಅದಕ್ಕೆ ಬರೀತಿದೀನಿ.

ಮೊದ್ಲು ಬ್ಲೂಟೂತ್. ಓನರ್ ಫೋನು ಕಾರಿಗೆ ಕನೆಕ್ಟ್ ಆಗಿರತ್ತೆ. ನಾನು ಅವರನ್ನ ಛತ್ರದ ಗೇಟಲ್ಲಿ ಇಳಿಸಿ ಗಾಡಿ ಮುಂದೆ ತಗೊಂಡ್ ಹೋಗ್ತೀನಿ, ಎರಡು ರೋಡ್ ಆಚೆ ಎಲ್ಲೋ ಜಾಗ ಸಿಗತ್ತೆ. ಗಾಡಿ ದೂರ ಹೋದ ತಕ್ಷಣ ಬ್ಲೂಟೂತ್ ಕಟ್. ನಿಮ್ಮ ಆಪು ಛತ್ರದ ಗೇಟಲ್ಲೇ ಕಾರಿದೆ ಅಂತ ಹೇಳತ್ತೆ. ಹೋಟೆಲಲ್ಲಿ ಗಾಡಿ ನಿಲ್ಸೋಕೆ ವ್ಯಾಲೆಗೆ ಕೀ ಕೊಟ್ರೂ ಹಿಂಗೇ ಆಗೋದು. ಅದಕ್ಕೆ ಕಟ್ ಆದಾಗ ಒಂದು ಮಾತು ಕೇಳ್ಬೇಕು, ಇಲ್ಲೇ ನಿಲ್ಸಿದ್ರಾ, ಡ್ರೈವರ್ ತಗೊಂಡ್ ಹೋದ್ರಾ ಅಂತ. ಬಸ್ಸಿನ ಕಥೆಗೂ ಇದೇ ಮದ್ದು. ಡ್ರೈವರ್ ಅಂತ ಒತ್ತಿದ್ರೆ ನಮ್ಮ ಫೋನಿಗೆ ಲಿಂಕ್ ಬರ್ಲಿ, ನಾವು ಜಾಗ ಹಾಕ್ತೀವಿ. ಬಿ3 ಒಳಗೆ ಎಷ್ಟೋ ಕಡೆ ಸಿಗ್ನಲ್ ಇರಲ್ಲ, ಹಂಗಾಗಿ ನಾವು ಹಾಕಿದ್ದು ಫೋನಲ್ಲೇ ಕಾದಿದ್ದು ಮೇಲೆ ಬಂದ್ಮೇಲೆ ಹೋಗ್ಬೇಕು.

ಎರಡನೇದು ಪಿಲ್ಲರ್ ಫೋಟೋ. ಎಲ್ಲರೂ ಕಾರ್ ಪಕ್ಕ ನಿಂತು ಪಿಲ್ಲರ್ ನಂಬರ್ ಫೋಟೋ ಹೊಡೀತಾರೆ. ತಪ್ಪಲ್ಲ, ಆದ್ರೆ ಸಾಲಲ್ಲ. ನಂಬರ್ ಬರೆದಿರೋದು ಪಿಲ್ಲರಿನ ಒಂದೇ ಪಕ್ಕ, ಸೊಂಟದ ಎತ್ತರಕ್ಕೆ, ವಾಪಸ್ ಬರೋಷ್ಟರಲ್ಲಿ ಅದರ ಮುಂದೆ ಯಾರೋ ದೊಡ್ಡ ಗಾಡಿ ರಿವರ್ಸ್ ಹಾಕಿ ನಿಲ್ಸಿರ್ತಾರೆ, ನಂಬರೇ ಕಾಣಲ್ಲ. ನಾನು ಹೊಸಬರಿಗೆ ಹೇಳ್ಕೊಡೋದು ಏನಂದ್ರೆ, ಲಿಫ್ಟ್ ಹತ್ರ ಹೋಗಿ ಒಂದ್ ಸಲ ತಿರುಗಿ ನೋಡು. ನೀನು ವಾಪಸ್ ಬರೋವಾಗ ನೋಡೋದು ಆ ಕಡೆಯಿಂದ ತಾನೆ, ಈ ಕಡೆಯಿಂದ ಅಲ್ವಲ್ಲ. ಯಾವ ಲಿಫ್ಟು ಅನ್ನೋದೇ ಮುಖ್ಯ ಸರ್. ದೊಡ್ಡ ಮಾಲಲ್ಲಿ ಹತ್ತಿದ ಲಿಫ್ಟು ಬಿಟ್ಟು ಬೇರೆ ಲಿಫ್ಟಲ್ಲಿ ಇಳಿದ್ರೆ ಮಹಡಿ ಸರಿ ಇದ್ರೂ ಗಾಡಿ ಸಿಗಲ್ಲ. ಕಾರ್ ಕಳ್ಕೊಂಡು ನನ್ ಹತ್ರ ಬಂದು ಕೇಳಿದವರಲ್ಲಿ ಮುಕ್ಕಾಲು ಜನ ಲಿಫ್ಟ್ ತಪ್ಪಿಸ್ಕೊಂಡವರೇ.

ಸಂಪಿಗೆ_ರೋಡ್

ಅಣ್ಣಾ, ಎಂಥಾ ಮಾತು ಹೇಳಿದ್ರಿ. ಇಷ್ಟು ವರ್ಷ ಲೊಕೇಶನ್ ಕೆಲಸ ಮಾಡಿದೀನಿ, ಓನರ್ ಇಳಿದು ಹೋದಾಗ ಬ್ಲೂಟೂತ್ ಕಟ್ ಆಗೋದು ನನ್ನ ತಲೆಗೇ ಬಂದಿರ್ಲಿಲ್ಲ. ಕೋಡರ್, ಲಿಫ್ಟ್ ಹತ್ರ ಎರಡನೇ ಫೋಟೋ ಅನ್ನೋದೇ ನಿಮ್ಮ ಆಪಿನ ಮುಖ್ಯ ಫೀಚರ್ ಮಾಡಿ. ಕಾರಿಂದ ಲಿಫ್ಟ್‌ವರೆಗಿನ ಹೆಜ್ಜೆ ಎಣಿಕೆ ಇಟ್ಕೊಳಿ, ದಿಕ್ಕು ಬೇಡ. ‘ಈ ಲಿಫ್ಟಿಂದ ಸುಮಾರು 80 ಹೆಜ್ಜೆ’ ಅಂದ್ರೆ ಸಾಕು, ಎಂಟು ಹೆಜ್ಜೆ ಹೆಚ್ಚು ಕಮ್ಮಿ ಆದ್ರೂ ಏನೂ ತೊಂದ್ರೆ ಇಲ್ಲ.

ಮೂರನೇ_ಮೇನ್

ನನ್ನ ಕಡೆಯಿಂದ ಬೇರೆ ವಿಷಯ. ನಾನು ದಿನಾ ರಾತ್ರಿ ಒಂಬತ್ತೂವರೆ ಮೇಲೆ ಆಫೀಸ್ ಬೇಸ್‌ಮೆಂಟಿಂದ ಕಾರ್ ತೆಗೆಯೋಳು. ಅಷ್ಟೊತ್ತಿಗೆ ಅರ್ಧ ಲೈಟ್ ಆಫ್ ಮಾಡಿರ್ತಾರೆ. ಕೀ ಒತ್ತಿ ಹಾರ್ನ್ ಹೊಡೆಸಿ ಹುಡುಕ್ಬಹುದು, ಆದ್ರೆ ಆ ಸದ್ದು ಎಲ್ಲಾ ಗೋಡೆಗೂ ಬಡಿದು ಯಾವ ಕಡೆಯಿಂದ ಬಂತು ಅಂತಾನೇ ಗೊತ್ತಾಗಲ್ಲ, ಅದೂ ಅಲ್ದೆ ಇಲ್ಲಿ ಒಬ್ಬಳೇ ಇದಾಳೆ ಅಂತ ಸಾರಿದ ಹಾಗೆ. ಫೋನ್ ಸ್ಕ್ರೀನ್ ನೋಡ್ಕೊಂಡು ನಡೆಯೋಕೂ ನಂಗೆ ಇಷ್ಟ ಇಲ್ಲ, ತಲೆ ಎತ್ತಿ ಸುತ್ತ ನೋಡ್ಕೊಂಡೇ ನಡೀಬೇಕು. ಹಾಗಾಗಿ ಲಿಫ್ಟೊಳಗಿದ್ದಾಗಲೇ ಎರಡು ಫೋಟೋನೂ ದೊಡ್ಡದಾಗಿ ಕಾಣ್ಲಿ, ನೋಡಿ ಫೋನ್ ಬ್ಯಾಗಿಗೆ ಹಾಕ್ಕೋತೀನಿ. ಬಾಗಿಲು ತೆಗೆದ್ಮೇಲೆ ಯೋಚನೆ ಮಾಡೋ ಹಾಗೆ ಇರಬಾರದು.

ಇನ್ನೊಂದು, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಕಾರ್ ದಿನಾ ಎಲ್ಲಿ ನಿಲ್ಲತ್ತೆ ಅಂತ ಗೊತ್ತಾದ್ರೆ ನನ್ನ ಮನೆ, ಆಫೀಸು, ನಾನು ಎಷ್ಟೊತ್ತಿಗೆ ಎಲ್ಲಿರ್ತೀನಿ ಎಲ್ಲಾ ಗೊತ್ತಾದ ಹಾಗೆ. ಹಳೇ ಜಾಗಗಳ ಪಟ್ಟಿ ಇಟ್ಕೊಳ್ಳೋದೇ ಬೇಡ, ಕಾರ್ ಹೊರಟ ಮೇಲೆ ಆ ಗುರುತು ಅಳಿಸಿ ಹೋಗ್ಲಿ. ಸರ್ವರಿಗೆ ಏನೂ ಕಳಿಸ್ಬೇಡಿ. ಡ್ರೈವರಿಗೆ, ಮನೆಯವರಿಗೆ ಕೊಡೋ ಲಿಂಕ್ ಅವತ್ತಿಗೇ ಸಾಯ್ಬೇಕು. 2023ರಲ್ಲಿ ಡೇಟಾ ರಕ್ಷಣೆ ಕಾಯ್ದೆ ಬಂದಿದೆ ಅನ್ನೋದೊಂದು ಕಡೆ ಇರ್ಲಿ, ಅದಿಲ್ದಿದ್ರೂ ಇದು ಹೀಗೇ ಇರಬೇಕಾದ್ದು.

ಫಿಲ್ಟರ್_ಕಾಪಿ

ಮೇಲಿನವರು ಹೇಳಿದ್ದಕ್ಕೆ ಪರ್ಮಿಷನ್ ವಿಷಯ ಸೇರಿಸ್ತೀನಿ. ಆಂಡ್ರಾಯ್ಡ್ 10ರಿಂದ ಬ್ಯಾಕ್‌ಗ್ರೌಂಡ್ ಲೊಕೇಶನ್‌ಗೆ ಬೇರೆ ಪರ್ಮಿಷನ್ನು, 11ರಿಂದ ಯೂಸರ್ ಸೆಟ್ಟಿಂಗ್ಸ್ ಒಳಗೇ ಹೋಗಿ ‘ಯಾವಾಗಲೂ’ ಅಂತ ಆರಿಸ್ಬೇಕು, 12ರಲ್ಲಿ ಬ್ಲೂಟೂತ್‌ಗೂ ಕೇಳ್ಬೇಕು. ನಮ್ಮಮ್ಮನ ಥರದವರು ಅಷ್ಟೊತ್ತಿಗೆ ಫೋನ್ ಕೆಳಗಿಡ್ತಾರೆ. ಅದಕ್ಕೆ ಮೊದಲ ದಿನಾನೇ ಎಲ್ಲಾ ಕೇಳ್ಬೇಡಿ. ಮೊದ್ಲು ಒಂದು ದೊಡ್ಡ ಬಟನ್, ‘ಇಲ್ಲೇ ನಿಲ್ಸಿದೀನಿ’, ಆಪ್ ತೆರೆದಿದ್ದಾಗಿನ ಲೊಕೇಶನ್ ಪರ್ಮಿಷನ್ ಒಂದೇ ಸಾಕಾಗತ್ತೆ. ನಾಲ್ಕು ಸಲ ಉಪಯೋಗಿಸಿ ಚೆನ್ನಾಗಿದೆ ಅನ್ಸಿದ್ಮೇಲೆ, ತಾನಾಗೇ ಗುರುತು ಹಾಕ್ಲಾ ಅಂತ ಕೇಳಿ.

ಮತ್ತೆ ಕನ್ನಡದಲ್ಲಿ ಮಾತಾಡಿ ಹೇಳೋದು ಇರ್ಲಿ, ಓದೋದಕ್ಕಿಂತ ಮುಂಚೆ ಕೇಳಿಸ್ಲಿ. ‘ಗಮ್ಯಸ್ಥಾನ ತಲುಪಿದ್ದೀರಿ’ ಅಂತೆಲ್ಲ ಬೇಡ ಸ್ವಾಮಿ, ‘ಬಿ ಎರಡು, ಲಿಫ್ಟಿಂದ ಎಡಗಡೆ, ಕಿತ್ತಳೆ ಬಣ್ಣದ ಪಿಲ್ಲರ್’ ಅಂತ ಮನೇಲಿ ಹೇಳೋ ಥರ ಹೇಳ್ಲಿ. ಕಾರ್ ನಿಲ್ಸಿದವರೇ ತಮ್ಮ ದನೀಲಿ ರೆಕಾರ್ಡ್ ಮಾಡೋ ಹಾಗಿದ್ರೆ ಇನ್ನೂ ಚೆನ್ನ. ರೋಡಲ್ಲಿ ನಿಲ್ಸಿದಾಗ ಬರೀ ‘5ನೇ ಕ್ರಾಸ್’ ಅಂತ ತೋರ್ಸಬೇಡಿ, ಬೆಂಗಳೂರಲ್ಲಿ ಬಡಾವಣೆಗೊಂದು 5ನೇ ಕ್ರಾಸ್ ಇದೆ. ಬಡಾವಣೆ, ಮೇನ್, ಕ್ರಾಸ್ ಮೂರೂ ಸೇರಿದ್ರೇ ವಿಳಾಸ. ಗುರುತು ಕೇಳೋವಾಗ ‘ಜಾಗ ಬಿಟ್ಟು ಹೋಗದೇ ಇರೋದು’ ಅಂತ ಕೇಳಿ, ದೇವಸ್ಥಾನ, ಟ್ರಾನ್ಸ್‌ಫಾರ್ಮರ್, ಗೇಟಿನ ಬಣ್ಣ. ನಿಮ್ಮ ತಂದೆಯವರ ಸೀಬೆಹಣ್ಣಿನ ಗಾಡಿ ಓದಿ ಹೊಟ್ಟೆ ಚುರ್ ಅಂತು.

ಕತ್ರಿಗುಪ್ಪೆ_ಕೋಡರ್

ಎಲ್ಲರಿಗೂ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಕಂಪಾಸ್ ಬಾಣದ ಕೋಡ್ ಇವತ್ತು ರಾತ್ರಿನೇ ತೆಗೆದುಹಾಕಿದೆ, ಎರಡು ವಾರದ ಕೆಲಸ, ಆದ್ರೂ ಮನಸ್ಸು ಹಗುರಾಯ್ತು. ಡ್ರೈವರ್ ಅಣ್ಣ ಹೇಳಿದ ‘ತಿರುಗಿ ನೋಡು’ ಅನ್ನೋದನ್ನೇ ಬಟನ್ ಹೆಸರು ಮಾಡಿದೀನಿ. ಕಾರಿಂದ ಇಳಿದ್ಮೇಲೆ ನಡಿಗೆ ನಿಂತ ಕೂಡ್ಲೇ, ಅಂದ್ರೆ ಲಿಫ್ಟಿಗೆ ಕಾಯ್ತಾ ನಿಂತಾಗ, ಒಂದು ಸಣ್ಣ ವೈಬ್ರೇಶನ್ ಬಂದು ಆ ಬಟನ್ ಕಾಣತ್ತೆ. ಮೂರನೇ ಮೇನ್ ಅವರು ಹೇಳಿದ ಹಾಗೆ ಕಾರ್ ಹೊರಟ ಮೇಲೆ ಎಲ್ಲಾ ಅಳಿಸತ್ತೆ, ಹಿಸ್ಟರಿ ಅನ್ನೋ ಪೇಜೇ ಇಲ್ಲ. ಡ್ರೈವರ್ ಲಿಂಕ್ ಮಾತ್ರ ಸರ್ವರ್ ಇಲ್ದೇ ಮಾಡೋದು ಕಷ್ಟ, ಸದ್ಯಕ್ಕೆ ಎಸ್ಎಂಎಸ್ ಮೂಲಕಾನೇ ಜಾಗ ಕಳಿಸೋ ಹಾಗೆ ಮಾಡ್ತಿದೀನಿ, ಸಿಗ್ನಲ್ ಬಂದಾಗ ಹೋಗತ್ತೆ.

ಭಾನುವಾರ ಅಪ್ಪನ ಕೈಗೆ ಫೋನ್ ಕೊಟ್ಟು ಒಂದು ಮಾಲಿಗೆ ಕರ್ಕೊಂಡ್ ಹೋಗ್ತೀನಿ, ನಾನು ಹಿಂದೆ ಬರ್ತೀನಿ ಅಷ್ಟೇ, ಬಾಯಿ ಬಿಡಲ್ಲ. ಬ್ಯಾರೋಮೀಟರ್ ಇಲ್ದಿರೋ ಹಳೇ ಫೋನಲ್ಲಿ ಯಾರಾದ್ರೂ ಟೆಸ್ಟ್ ಮಾಡ್ಕೊಡ್ತೀರಾ?

ಆಕ್ಟಿಂಗ್_ಡ್ರೈವರ್_ನಾಗರಭಾವಿ

ನಂದು ಹಳೇ ಫೋನೇ ಸರ್, ಕಳ್ಸಿ. ಶುಕ್ರವಾರ ಎರಡು ಮದ್ವೆ ಇದೆ, ಎರಡೂ ಛತ್ರದ ಪಾರ್ಕಿಂಗ್ ಬೇಸ್‌ಮೆಂಟಲ್ಲೇ.