ಸಿಎಸ್‌ಆರ್2 ಗಂಡಾದರೆ ಮೊಟ್ಟೆ ಒಡೆಯುತ್ತದೆ, ಹೆಣ್ಣಾದರೆ ಮಲಗುತ್ತದೆ: ಕಾರಣವೇನು?

ಪ್ರಶ್ನೆ (ರೇಷ್ಮೆ ಕೃಷಿ ವಿದ್ಯಾರ್ಥಿನಿ):
ಮಿಶ್ರತಳಿಗಾಗಿ ಮೈಸೂರು ತಳಿಯ (ವರ್ಷಕ್ಕೆ ಹಲವು ಪೀಳಿಗೆ ಕೊಡುವ ರೇಷ್ಮೆಹುಳು) ಹೆಣ್ಣು ಚಿಟ್ಟೆಗೆ ಸಿಎಸ್‌ಆರ್2 (ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆಯ ರೇಷ್ಮೆಹುಳು) ಗಂಡನ್ನು ಕೂಡಿಸಿದಾಗ, ಮೊಟ್ಟೆಗಳಿಂದ ಹತ್ತು ಹನ್ನೊಂದು ದಿನಗಳಲ್ಲಿ ತಾನಾಗಿಯೇ ಮರಿಗಳು ಹೊರಬರುತ್ತವೆ. ಇದನ್ನೇ ತಿರುಗಿಸಿ ಸಿಎಸ್‌ಆರ್2 ಹೆಣ್ಣಿಗೆ ಮೈಸೂರು ಗಂಡನ್ನು ಕೂಡಿಸಿದರೆ, ಮೊಟ್ಟೆಗಳು ಎರಡು ಮೂರು ದಿನಗಳಲ್ಲಿ ಗಾಢ ಬಣ್ಣಕ್ಕೆ ತಿರುಗಿ ಸುಪ್ತಾವಸ್ಥೆಗೆ ಹೋಗುತ್ತವೆ, ಅಂದರೆ ಬೆಳವಣಿಗೆ ನಿಲ್ಲಿಸಿ ಮಲಗುತ್ತವೆ. ಎರಡೂ ಕಡೆ ವಂಶವಾಹಿಗಳು ಬಹುಪಾಲು ಒಂದೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಉತ್ತರ 1 (ಪ್ರಾಣಿಶಾಸ್ತ್ರ ಅಧ್ಯಾಪಕ):
ಮೊಟ್ಟೆ ಮಲಗಬೇಕೋ ಬೇಡವೋ ಎಂಬುದು ಮಿಲನಕ್ಕೆ ಮೊದಲೇ, ತಾಯಿ ಇನ್ನೂ ಗೂಡಿನೊಳಗೆ ಕೋಶಾವಸ್ಥೆಯಲ್ಲಿರುವಾಗಲೇ ನಿರ್ಧಾರವಾಗಿರುತ್ತದೆ. ಆದ್ದರಿಂದ ತಂದೆಗೆ ಅದರಲ್ಲಿ ಪಾತ್ರವಿಲ್ಲ. ಅವಳ ಅನ್ನನಾಳದ ಕೆಳಗಿರುವ ನರಗ್ರಂಥಿಯಿಂದ ಸುಪ್ತಾವಸ್ಥೆಯ ಹಾರ್ಮೋನು ಸ್ರವಿಸುತ್ತದೆ. ಇದು 24 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್. ಜಪಾನಿನ ಫುಕುದಾ ಮತ್ತು ಹಸೆಗಾವಾ 1951ರಲ್ಲಿ ಇದರ ಇರುವಿಕೆಯನ್ನು ತೋರಿಸಿದರು. ಆ ಗ್ರಂಥಿಯನ್ನು ತೆಗೆದರೆ ಮೊಟ್ಟೆ ಮಲಗುವುದಿಲ್ಲ, ಕಸಿ ಮಾಡಿದರೆ ಮಲಗುತ್ತದೆ. ಹಾರ್ಮೋನು ಅಂಡಾಶಯದಲ್ಲಿ ಸಕ್ಕರೆ ಒಡೆಯುವ ಟ್ರೆಹಲೇಸ್ ಕಿಣ್ವವನ್ನು ಚುರುಕುಗೊಳಿಸುವುದರಿಂದ ಬೆಳೆಯುತ್ತಿರುವ ಮೊಟ್ಟೆಯಲ್ಲಿ ಗ್ಲೈಕೋಜನ್ ಸಂಗ್ರಹವಾಗುತ್ತದೆ, ಮುಂದೆ ಅದೇ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಆಗಿ ಮಾರ್ಪಡುತ್ತದೆ.

ಉತ್ತರ 2 (ನಿವೃತ್ತ ರೇಷ್ಮೆ ವಿಜ್ಞಾನಿ):
ಅಧ್ಯಾಪಕರ ವಿವರಣೆ ಸರಿ, ಆದರೆ ತಾಯಿ ತಾನು ಮೊಟ್ಟೆಯಿಡುವ ಹೊತ್ತಿನ ಹವೆಯನ್ನು ನೋಡಿ ನಿರ್ಧರಿಸುತ್ತಾಳೆ ಎಂದು ಯಾರೂ ತಿಳಿಯಬಾರದು. ದ್ವಿತಳಿಯಲ್ಲಿ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ಅವಳು ಸ್ವತಃ ಭ್ರೂಣವಾಗಿದ್ದಾಗಿನ ಶಾಖ ಮತ್ತು ಬೆಳಕು. ಮೊಟ್ಟೆಯನ್ನು 25 ಡಿಗ್ರಿಯಲ್ಲಿ, ಬೆಳಕಿನಲ್ಲಿ ಕಾವು ಕೊಟ್ಟರೆ ಅದರಿಂದ ಬೆಳೆದ ಚಿಟ್ಟೆ ಮಲಗುವ ಮೊಟ್ಟೆಯಿಡುತ್ತದೆ. 15 ಡಿಗ್ರಿಯಲ್ಲಿ, ಕತ್ತಲಲ್ಲಿ ಕೊಟ್ಟರೆ ಮಲಗದ ಮೊಟ್ಟೆಯಿಡುತ್ತದೆ. ಸಮಶೀತೋಷ್ಣ ನಾಡಿನ ಲೆಕ್ಕದಲ್ಲಿ ಇದು ಜಾಣತನವೇ: ವಸಂತದ ತಂಪಿನಲ್ಲಿ ಹುಟ್ಟಿದವಳ ಮಕ್ಕಳಿಗೆ ಮುಂದೆ ಬೇಸಿಗೆಯ ಸೊಪ್ಪು ಸಿಗುತ್ತದೆ, ಬೇಸಿಗೆಯಲ್ಲಿ ಹುಟ್ಟಿದವಳ ಮಕ್ಕಳಿಗೆ ಚಳಿಗಾಲ ಎದುರಾಗುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಹಾಗಾದರೆ ಮಲಗದೆ ಒಡೆಯಲೆಂದು ಮೊಟ್ಟೆಗೆ ಮಾಡುವ ಆಮ್ಲ ಸಂಸ್ಕರಣೆ ಆ ಹಾರ್ಮೋನನ್ನು ನಾಶಪಡಿಸುತ್ತದೆಯೇ?

ಉತ್ತರ 2:
ಇಲ್ಲಮ್ಮ, ಹಾರ್ಮೋನಿನ ಕೆಲಸ ಅಂಡಾಶಯದಲ್ಲೇ ಮುಗಿದಿರುತ್ತದೆ. ಇಟ್ಟು ಸುಮಾರು 20 ಗಂಟೆಯಾದ ಮೊಟ್ಟೆಗಳನ್ನು 1.075 ಸಾಪೇಕ್ಷ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 46 ಡಿಗ್ರಿಯಲ್ಲಿ ಐದು ನಿಮಿಷದಷ್ಟು ಅದ್ದಿದಾಗ, ಭ್ರೂಣದ ಬೆಳವಣಿಗೆ ನಿಲ್ಲುವುದಕ್ಕೆ ಮುನ್ನವೇ ಸುಪ್ತಾವಸ್ಥೆಯ ದಾರಿ ತಪ್ಪುತ್ತದೆ. ಗಂಟೆಗಳ ಲೆಕ್ಕ ತಪ್ಪಿ ತಡವಾದರೆ ಈ ಕ್ರಮ ಸರಿಯಾಗಿ ಫಲ ಕೊಡುವುದಿಲ್ಲ. ಆಗ ಮೊಟ್ಟೆ ಹಾಳೆಗಳನ್ನು ಶೀತಾಗಾರದಲ್ಲಿಟ್ಟು ಕಾಯಬೇಕಾಗುತ್ತದೆ.