ಅಪ್‌ಡೇಟ್: ಕಾಂಟೆಸಾದ ಸೀಳಿದ ಡ್ಯಾಶ್‌ಬೋರ್ಡ್ ಕೊನೆಗೂ ಸರಿಹೋಯಿತು

ಕಾರವಾರದ ಬಿಸಿಲಿಗೆ ನಮ್ಮ ಹಳೆಯ ಕಾಂಟೆಸಾ ಕಾರಿನ ಡ್ಯಾಶ್‌ಬೋರ್ಡ್ ಸೀಳಿದೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ತುಂಬಿ ಎಂದವರೇ ಹೆಚ್ಚು. ತುಂಬಿದೆ, ಕಲ್ಲಿನಂತೆ ಕೂತಿತು. ಗಾಡಿ ಮಧ್ಯಾಹ್ನ ಹೊರಗೆ ನಿಂತದ್ದೇ ತಡ, ಅದರ ಅಂಚಿಗೇ ಹೊಸ ಗೆರೆ! ಡ್ಯಾಶ್‌ಬೋರ್ಡಿನ ವಿನೈಲ್ ಹೊದಿಕೆ ಬಿಸಿಗೆ ಹಿಗ್ಗುತ್ತದೆ, ಎಪಾಕ್ಸಿ ಜಗ್ಗುವುದಿಲ್ಲ. ಕೈಹಿಡಿದದ್ದು ಬಾಗುವ ಫಿಲ್ಲರ್ (ಒಣಗಿದ ಮೇಲೂ ಜಗ್ಗುವ, ಸೀಳು ತುಂಬುವ ಪೇಸ್ಟ್) ಹೇಳಿದವರ ಸಲಹೆ. ಸೀಳು ಮುಂದೆ ಓಡದಂತೆ ಎರಡೂ ತುದಿಗೆ ಸಣ್ಣ ತೂತು ಕೊರೆದು, ಅಂಚನ್ನು ಬ್ಲೇಡಿನಿಂದ ಇಳಿಜಾರಾಗಿ ಕೆತ್ತಿ, ತೆಳು ಪದರಗಳಲ್ಲಿ ತುಂಬಿದೆ.

ಯಾರೂ ಹೇಳದ ಸಂಗತಿಯೊಂದಿದೆ. ಮೊದಲ ಪದರ ಅಂಟದೆ ಹನಿಹನಿಯಾಗಿ ಸರಿದುಹೋಯಿತು. ಹಿಂದಿನ ಮಾಲೀಕರು ಬಳಿಯುತ್ತಿದ್ದ ಹೊಳಪಿನ ಪಾಲಿಶ್‌ನಲ್ಲಿದ್ದ ಸಿಲಿಕೋನ್‌ನ ಕರಾಮತ್ತು! ಸೋಪುನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವ ತನಕ ಉಜ್ಜಿದ ಮೇಲಷ್ಟೇ ಹಿಡಿಯಿತು.

ಪೂರ್ತಿ ರೆಕ್ಸಿನ್ ಹೊದಿಸುವ ಸಲಹೆಯನ್ನು ಇಲ್ಲೇ ಕಾರವಾರದ ಕೋಡಿಬಾಗದಲ್ಲಿ ಸೀಟು ಹೊಲಿಯುವವರೇ ಬೇಡವೆಂದರು. ಗಾಳಿಕಿಂಡಿಗಳ ಮೂಲೆಯಲ್ಲಿ ನೆರಿಗೆ ಬೀಳುತ್ತದಂತೆ. ಬದಲಿಗೆ ರೆಕ್ಸಿನ್ ಚೂರೊಂದನ್ನು ಕೊಟ್ಟರು. ಅರೆ ಒಣಗಿದ ಫಿಲ್ಲರ್ ಮೇಲೆ ಅದನ್ನು ಒತ್ತಿದರೆ ಚರ್ಮದ ಗೆರೆಗಳೆಲ್ಲ ಮೂಡಿದವು. ಬಣ್ಣ ಮಾತ್ರ ಒಂದು ಛಾಯೆ ಕಪ್ಪು. ಮುಂದಿನ ತಿಂಗಳು ವಿನೈಲ್ ಬಣ್ಣ ಹೊಡೆಸುತ್ತೇನೆ.